ಗಾಲಿಗೆ ಕೊಟ್ಟ ಕಲ್ಲು

ತರೀಕೆರೆ

ಕೆನಡಾಕ್ಕೆ ಹೋಗಿ ಬಂದ ಮೇಲೆ ನನ್ನ ಅಂಗಡಿಗೆ ರವಿಕೆ ಬಟ್ಟೆ ಕೊಳ್ಳಲು ಬರುವ ಹೆಂಗಸರೆಲ್ಲ ಮೊದಲು ಕೇಳುವುದು ಹಿಮ ನೋಡಿದ್ರಾ, ಜಲಪಾತ ನೋಡಿದ್ರಾ ಎಂದು. ಹಿಮ ನೋಡಿದೆ, ದೂರದಿಂದ, ಬೆಟ್ಟದ ನೆತ್ತಿಯ ಮೇಲೆ. ಜಲಪಾತದ ಹತ್ತಿರ ಹೋಗಲೇ ಇಲ್ಲ. ನಾನು ಅಲ್ಲಿ ಕಣ್ಣು ತುಂಬ ನೋಡಿದ್ದು ಒಂದು ಟ್ರಕ್ಕಿನ ಬೆನ್ನನ್ನು, ಆ ಬೆನ್ನಿನ ಮೇಲೆ ಕೂರಿಸಿದ್ದ ಒಂದು ಕಬ್ಬಿಣದ ತಟ್ಟೆಯನ್ನು. ಇದನ್ನು ಹೇಳಿದರೆ ಅವರು ಪಾಪ ಎನ್ನುವಂತೆ ನನ್ನ ಮುಖ ನೋಡಿ ಬಟ್ಟೆ ಆರಿಸಲು ಶುರು ಮಾಡುತ್ತಾರೆ.

ನಾನು ಹೋಗಿದ್ದು ನೋಡುವುದಕ್ಕಲ್ಲ, ಕರೆದುಕೊಂಡು ಬರುವುದಕ್ಕೆ. ನನ್ನ ತಂಗಿ ಲೀಲಾಳನ್ನು ಅಜ್ಜಂಪುರದ ರುದ್ರೇಶನಿಗೆ ಕೊಟ್ಟಿತ್ತು. ರೈಲ್ವೆ ಗೇಟಿನ ಪಕ್ಕದಲ್ಲಿ ಅವರಪ್ಪನ ವರ್ಕ್‌ಶಾಪ್ ಇತ್ತು. ರುದ್ರೇಶ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಪಳಗಿದವನು. ಮೊದಲು ಗಲ್ಫಿಗೆ ಹೋದ, ಅಲ್ಲಿಂದ ಕೆನಡಾಕ್ಕೆ. ಮಕ್ಕಳಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಗಂಡ ಹೆಂಡತಿ ಇದ್ದ ಮನೆ ಮಾರಿ, ಗಾಲಿಯ ಮೇಲಿನ ಮನೆಯೊಂದನ್ನು ಕೊಂಡು, ಅವನಿಗೆ ಎಲ್ಲಿ ರಿಪೇರಿ ಕೆಲಸ ಸಿಗುತ್ತದೋ ಅಲ್ಲಿಗೆ ಎಳೆದುಕೊಂಡು ಹೋಗಿ ಬಾಳತೊಡಗಿದರು.

ಸುದ್ದಿ ಕೇಳಿ ಕಡೂರಿನಲ್ಲಿರುವ ನನ್ನ ತಮ್ಮ ಮಂಜನಿಗೆ ತಲೆ ಕೆಟ್ಟಿತು. ನಮ್ಮ ಕಡೆ ಮನೆ ಎಂದರೆ ಅದಕ್ಕೊಂದು ಖಾತೆ ಇರಬೇಕು, ಚಕ್ಕುಬಂದಿ ಇರಬೇಕು. ಪೂರ್ವಕ್ಕೆ ಇವತ್ತು ಕೆರೆ, ನಾಳೆ ಪೆಟ್ರೋಲ್ ಬಂಕ್ ಎಂದಾದರೆ ಅದು ಎಂಥ ಮನೆ ಎಂದು ಅವನ ವಾದ. ನನಗೂ ಅರ್ಥವಾಗಲಿಲ್ಲ, ಆದರೆ ಲೀಲಾ ಫೋನಿನಲ್ಲಿ ಖುಷಿಯಾಗಿದ್ದಳು, ಅದಕ್ಕೆ ಸುಮ್ಮನಿದ್ದೆ.

ಹೋದ ವರ್ಷ ರುದ್ರೇಶ ಎದೆನೋವು ಎಂದು ಕೂತವನು ಏಳಲಿಲ್ಲ. ಲೀಲಾ ಅಲ್ಲೇ ಉಳಿದಳು. ಈ ವರ್ಷ ಒಂದು ದಿನ ಫೋನ್ ಮಾಡಿ, ಗೋಲ್ಡನ್ ಎನ್ನುವ ಊರಿನಲ್ಲಿ ಒಬ್ಬರು ಗಾಲಿಮನೆ ಕೊಳ್ಳುತ್ತಾರಂತೆ, ಅಲ್ಲಿಗೆ ಎಳೆದುಕೊಂಡು ಹೋಗಿ ಒಪ್ಪಿಸಬೇಕು ಎಂದಳು. ಅಷ್ಟು ಸಾಕಾಯಿತು ಮಂಜನಿಗೆ. ತನ್ನ ಮನೆಯ ಮಹಡಿಯ ಮೇಲೆ ಅವಳಿಗೊಂದು ರೂಮು ಎಬ್ಬಿಸಿ, ಗಿಳಿಹಸಿರು ಬಣ್ಣ ಹೊಡೆಸಿ, ಬಾತ್‌ರೂಮು ಸೇರಿಸಿದ. ನನ್ನ ಯಜಮಾನರು ಹಿರೇನಲ್ಲೂರಿನ ಹೊಲ ಬಿಟ್ಟು ಕದಲುವವರಲ್ಲ. ಕೊನೆಗೆ ಅಂಗಡಿಯನ್ನು ಸೊಸೆಗೆ ವಹಿಸಿ ನಾನೇ ಹೊರಟೆ. ಗಾಡಿ ಮಾರಿಸು, ತಂಗಿಯನ್ನು ವಿಮಾನ ಹತ್ತಿಸು. ಇದಿಷ್ಟೇ ನನಗೆ ಒಪ್ಪಿಸಿದ ಕೆಲಸ.

ಕೆಲೋನಾ

ವಿಮಾನ ನಿಲ್ದಾಣದ ಹೊರಗೆ ಒಂದು ಭಾರಿ ಟ್ರಕ್ಕು ಬಂದು ನಿಂತಿತು. ನಾನು ಡ್ರೈವರನ ಪಕ್ಕದ ಸೀಟಿನಲ್ಲಿ ಲೀಲಾಳನ್ನು ಹುಡುಕಿದೆ. ಅಲ್ಲಿ ಯಾರೂ ಇರಲಿಲ್ಲ. ಸ್ಟೇರಿಂಗ್ ಹಿಂದೆ ಪ್ಯಾಂಟು, ಹಣೆಗೆ ವಿಭೂತಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ ಹೆಂಗಸೊಂದು ಕೂತಿತ್ತು. ಅವಳು ಕನ್ನಡಕ ತೆಗೆದು ಅಕ್ಕ ಎಂದು ಕರೆಯುವ ತನಕ ನನ್ನ ತಂಗಿಯೆಂದು ನನಗೆ ಹೊಳೆಯಲಿಲ್ಲ.

ಗಾಲಿಮನೆಯನ್ನು ಊರ ಹೊರಗಿನ ಒಂದು ಬಯಲಿನಲ್ಲಿ ನಿಲ್ಲಿಸಿದ್ದಳು. ಅದನ್ನು ಅಲ್ಲಿ ಫಿಫ್ತ್ ವೀಲ್ ಎನ್ನುತ್ತಾರೆ, ಐದನೇ ಚಕ್ರ. ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದೆ. ಮನೆಗೆ ನಾಲ್ಕು ಚಕ್ರ, ಟ್ರಕ್ಕಿಗೆ ಆರು. ಐದನೆಯದು ಎಲ್ಲಿ ಎಂದು ಕೇಳಿದರೆ ಲೀಲಾ ಟ್ರಕ್ಕಿನ ಬೆನ್ನಿನ ಮೇಲಿನ ಕಬ್ಬಿಣದ ತಟ್ಟೆಯನ್ನು ತೋರಿಸಿದಳು. ಅದು ತಿರುಗುವುದಿಲ್ಲ, ಉರುಳುವುದಿಲ್ಲ. ಹಿಂದೆ ಕುದುರೆ ಗಾಡಿಗಳಲ್ಲಿ ಹೀಗೆ ಮಲಗಿಸಿದ ಒಂದು ಚಕ್ರ ಇರುತ್ತಿತ್ತಂತೆ, ಆ ಹೆಸರು ಉಳಿದುಕೊಂಡಿದೆಯಂತೆ. ಸರಿ ಎಂದೆ. ಅಲ್ಲಿ ನಾನು ಸರಿ ಎಂದ ಮಾತುಗಳಲ್ಲಿ ಮುಕ್ಕಾಲು ಪಾಲು ಹೀಗೇ ಅರ್ಥವಾಗದೆ ಅಂದದ್ದು.

ನಮ್ಮ ಟ್ರಾಕ್ಟರಿಗೆ ಟ್ರೈಲರನ್ನು ಹಿಂದೆ ಕಟ್ಟುತ್ತೇವೆ. ಇದು ಹಾಗಲ್ಲ. ಮನೆಯ ಮುಂಭಾಗ ಬಾಲ್ಕನಿಯ ಹಾಗೆ ಚಾಚಿಕೊಂಡು ಟ್ರಕ್ಕಿನ ಬೆನ್ನೇರಿ ಕೂರುತ್ತದೆ. ಅದರ ಹೊಟ್ಟೆಯಡಿ ಮಣಿಕಟ್ಟಿನ ಗಾತ್ರದ ಒಂದು ಕಬ್ಬಿಣದ ಗೂಟ. ಟ್ರಕ್ಕನ್ನು ಹಿಂದಕ್ಕೆ ತಂದಾಗ ಆ ಗೂಟ ತಟ್ಟೆಯ ಬಾಯೊಳಗೆ ಹೋಗಬೇಕು, ಒಳಗಿನ ದವಡೆ ಕಚ್ಚಿಕೊಳ್ಳಬೇಕು. ಬಿಚ್ಚುವಾಗ ಮೊದಲು ಮನೆಯ ಮುಂಗಾಲುಗಳೆರಡನ್ನು ನೆಲಕ್ಕೆ ಇಳಿಸಿ, ಭಾರವನ್ನು ಅವುಗಳ ಮೇಲೆ ಹಾಕಿ, ಹಿಡಿಕೆ ಎಳೆದು ದವಡೆ ಬಿಡಿಸಿ, ಟ್ರಕ್ಕನ್ನು ಮುಂದಕ್ಕೆ ಸರಿಸಬೇಕು. ಇದನ್ನು ಲೀಲಾ ಎರಡು ಸಲ ಹೇಳಿದಳು. ನೊಗ, ಎತ್ತು, ಮೂಕಿಮರ ಎಲ್ಲ ಹೇಳಿಸಿಕೊಂಡ ಮೇಲೆ ಸುಮಾರಾಗಿ ತಲೆಗೆ ಹೋಯಿತು.

ಎಲ್ಲಕ್ಕಿಂತ ಮೊದಲು ಗಾಲಿಗೆ ಕಲ್ಲು ಕೊಡಬೇಕು. ಅಲ್ಲಿಯದು ಕಲ್ಲಲ್ಲ, ಹಳದಿ ರಬ್ಬರಿನ ಬೆಣೆ. ನಾವಿಬ್ಬರೂ ಅದನ್ನು ಕಲ್ಲು ಎಂದೇ ಕರೆದೆವು. ನಮ್ಮಪ್ಪನಿಗೆ ಲಾರಿ ಇತ್ತು. ಚೌಳಹಿರಿಯೂರಿನ ತೆಂಗಿನಕಾಯಿ ತುಂಬಿಕೊಂಡು ಕೆಮ್ಮಣ್ಣುಗುಂಡಿಯ ಘಾಟಿ ಹತ್ತುವಾಗ ಲಾರಿ ದಾರಿಯಲ್ಲಿ ನಿಲ್ಲುತ್ತಿತ್ತು. ಕ್ಲೀನರ್ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದ. ಲಾರಿ ಹೊರಟ ಮೇಲೆ ಕಲ್ಲು ರಸ್ತೆಯಲ್ಲೇ ಉಳಿದು, ಸ್ಕೂಟರಿನವರು ಎಡವಿ ಬೀಳುತ್ತಿದ್ದರು. ಅಪ್ಪನಿಗೆ ಅದು ಮಾತ್ರ ಆಗುತ್ತಿರಲಿಲ್ಲ. ರಜೆಯಲ್ಲಿ ಕ್ಯಾಬಿನ್ನಿನಲ್ಲಿ ಕೂತು ಬರುತ್ತಿದ್ದ ನಮಗಿಬ್ಬರಿಗೂ ಅದೇ ಕೆಲಸ. ಇಂಜಿನ್ ಸದ್ದು ಬಂದ ಕೂಡಲೇ ಕಲ್ಲು ಎತ್ತಿ ರಸ್ತೆ ಪಕ್ಕಕ್ಕೆ ಇಡಬೇಕು. ಈಗಲೂ ದಾರಿಯಲ್ಲಿ ಬಿದ್ದ ಕಲ್ಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಮನೆಗೆ ಕಟ್ಟಲು ಟ್ರಕ್ಕನ್ನು ಹಿಂದಕ್ಕೆ ತರುವಾಗ ದಾರಿ ತೋರಿಸುವುದು ನನ್ನ ಪಾಲಿಗೆ ಬಂತು. ನಾನು ಟ್ರಕ್ಕಿನ ನೇರ ಹಿಂದೆ ನಿಂತು, ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಕೂಗುವ ಹಾಗೆ ಬರ್ಲಿ ಬರ್ಲಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಲೀಲಾ ಗಾಜು ಮುಚ್ಚಿಕೊಂಡಿದ್ದಳು. ಆಮೇಲೆ ಇಳಿದು ಬಂದು ಹೇಳಿದಳು, "ಅಕ್ಕ, ಕೂಗ್ಬೇಡ. ಕನ್ನಡೀಲಿ ನೀನು ಕಾಣಿಸ್ಲಿಲ್ಲ ಅಂದ್ರೆ ನಾನು ಗಾಡಿ ನಿಲ್ಲಿಸ್ಬಿಡ್ತೀನಿ." ಕನ್ನಡಿಯಲ್ಲಿ ಕಾಣುವಂತೆ ನಿಂತೆ. ಆಗ ನನ್ನ ಎಡ ಯಾವುದು, ಅವಳ ಎಡ ಯಾವುದು, ಕನ್ನಡಿಯ ಎಡ ಯಾವುದು ಎಂದು ತಿಳಿಯದೆ ಎರಡು ಕೈಯನ್ನೂ ಒಟ್ಟಿಗೆ ಆಡಿಸಿದೆ. ಲೀಲಾ ನನ್ನನ್ನು ನೋಡುವುದು ಬಿಟ್ಟು ತಾನೇ ತಂದಳು.

ಸಾಮನ್ ಆರ್ಮ್

ಅಲ್ಲಿ ಗಾಲಿಮನೆಗಳು ತಂಗುವುದಕ್ಕೆಂದೇ ತೋಪುಗಳಿವೆ. ಒಂದೊಂದು ಬಿಡಾರಕ್ಕೆ ಒಂದೊಂದು ಅಂಕಣ, ಮೇಜು, ನಲ್ಲಿ. ನಮಗೆ ಸಿಕ್ಕಿದ ಅಂಕಣ ಇಳಿಜಾರಾಗಿತ್ತು. ಟ್ರಕ್ಕು ಏರಿನ ಕಡೆ, ಮನೆಯ ಬೆನ್ನು ಇಳಿಕೆಯ ಕಡೆ. ಕಲ್ಲು ಕೊಟ್ಟೆವು, ಮುಂಗಾಲು ಇಳಿಸಿದಳು, ಹಿಡಿಕೆ ಎಳೆದಳು. ಬರಲಿಲ್ಲ. ಕಾಲು ಒತ್ತುಕೊಟ್ಟು ಎಳೆದಳು. ಬರಲಿಲ್ಲ. ನಾನೂ ಅವಳ ಸೊಂಟ ಹಿಡಿದು ಎಳೆದೆ. ಇಡೀ ಮನೆ ಹಿಂದಕ್ಕೆ ಜೋತುಬಿದ್ದು ಗೂಟ ದವಡೆಯನ್ನು ಬಿಗಿಯಾಗಿ ಜಗ್ಗಿ ಹಿಡಿದಿತ್ತು.

ನನಗೆ ಆಶ್ಚರ್ಯವಾಗಿದ್ದು ಸುತ್ತಲಿನ ಜನ. ಪಕ್ಕದ ಅಂಕಣಗಳವರೆಲ್ಲ ಮಡಿಸುವ ಕುರ್ಚಿ ಹಾಕಿಕೊಂಡು ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು. ಒಬ್ಬರೂ ಏಳಲಿಲ್ಲ, ಒಂದು ಮಾತೂ ಆಡಲಿಲ್ಲ. ನಮ್ಮ ಚೌಳಹಿರಿಯೂರು ರಸ್ತೆಯಲ್ಲಿ ಟ್ರಾಕ್ಟರ್ ಸಿಕ್ಕಿಕೊಂಡರೆ ಕ್ಷಣದಲ್ಲಿ ಜನ ಸೇರುತ್ತಾರೆ. ಎಡಕ್ಕೆ ಹೊಡಿ ಎನ್ನುವವರು ಕೆಲವರು, ಬಲಕ್ಕೆ ಎನ್ನುವವರು ಕೆಲವರು, ಬೀಡಿ ಹಚ್ಚಿ ಇದು ಆಗೋದಲ್ಲ ಬಿಡಿ ಎನ್ನುವವನೊಬ್ಬ ಇದ್ದೇ ಇರುತ್ತಾನೆ. ಕೆಲಸ ಕೆಟ್ಟರೂ ಒಂಟಿಯಾಗಿ ಕೆಡುವುದಿಲ್ಲ. ಇವರು ಎಂಥ ಕಲ್ಲುಮನಸ್ಸಿನವರು ಎಂದು ನನಗೆ ಸಿಟ್ಟು ಬಂತು. ಆ ಕೊರತೆ ತುಂಬಲು ನಾನೇ ಎಲ್ಲರ ಪಾಲಿನ ಸಲಹೆಯನ್ನೂ ಕೊಟ್ಟೆ. ಸುತ್ತಿಗೆಯಲ್ಲಿ ಹೊಡಿ, ಎಣ್ಣೆ ಬಿಡು, ಬಿಸಿನೀರು ಹಾಕು.

ಲೀಲಾ ಏನೋ ನೆನೆಸಿಕೊಂಡು ಟ್ರಕ್ಕು ಹತ್ತಿ ಒಂದಿಷ್ಟೇ ಹಿಂದಕ್ಕೆ ಒತ್ತಿದಳು. ಇಳಿದು ಬಂದು ಹಿಡಿಕೆ ಎಳೆದಳು. ಬೆಣ್ಣೆಯ ಹಾಗೆ ಬಂತು. ಕುರ್ಚಿಗಳಿಂದ ಮೆಲ್ಲಗೆ ಚಪ್ಪಾಳೆ ಕೇಳಿಸಿತು. ಆಮೇಲೆ ಪಕ್ಕದ ಅಂಕಣದ ಅಜ್ಜಿ ಎದ್ದು ಬಂದು ಒಂದು ತಟ್ಟೆ ಹಣ್ಣಿನ ಕೇಕು ಕೊಟ್ಟು, ನನ್ನ ಕಡೆ ನೋಡಿ ಏನೋ ಹೇಳಿದಳು. ಲೀಲಾ ನಕ್ಕಳು. ಕಟ್ಟುವಾಗ ಬಿಚ್ಚುವಾಗ ಯಾರನ್ನೂ ಮಾತಾಡಿಸಬಾರದು, ಅದು ಇಲ್ಲಿಯ ಪದ್ಧತಿ ಎಂದು ತಿಳಿಸಿದಳು. ಮಾತಾಡಿಸಿದರೆ ಕೆಲಸದ ನಡುವೆ ಒಂದು ಹೆಜ್ಜೆ ಮರೆತುಹೋಗುತ್ತದೆ, ಆ ಒಂದು ಹೆಜ್ಜೆಯಲ್ಲೇ ಅನಾಹುತ ಆಗುತ್ತದೆ. ಸುಮ್ಮನೆ ಕೂರುವುದೇ ಅವರು ಮಾಡುವ ಸಹಾಯವಂತೆ. ಬಾಯಿ ಮುಚ್ಚಿಕೊಂಡಿರುವುದು ಸಹಾಯ ಹೇಗಾಗುತ್ತದೋ ನನಗೆ ಗೊತ್ತಾಗಲಿಲ್ಲ, ಆದರೆ ಇನ್ನು ಮೇಲೆ ಬಾಯಿ ಬಿಡಬಾರದು ಎಂದು ತೀರ್ಮಾನಿಸಿದೆ.

ಅವಸರದಲ್ಲಿ ಮನೆಯನ್ನು ಮಟ್ಟ ಮಾಡಿರಲಿಲ್ಲ. ಬೆಳಿಗ್ಗೆ ದೋಸೆ ಹೊಯ್ದರೆ ಹಿಟ್ಟೆಲ್ಲ ಒಂದು ಕಡೆಗೆ ಹರಿದು, ಅರ್ಧ ರೊಟ್ಟಿಯಷ್ಟು ದಪ್ಪ, ಅರ್ಧ ಕಾಗದದಷ್ಟು ತೆಳುವಾಯಿತು. ರುದ್ರೇಶ ಮಟ್ಟಗೋಲು ಇಟ್ಟು ನೋಡುತ್ತಿದ್ದನಂತೆ. ಲೀಲಾ ಪೂಜೆಯ ದೀಪದ ಎಣ್ಣೆ ನೋಡುತ್ತಾಳೆ. ಎಣ್ಣೆ ಯಾವ ಕಡೆ ವಾಲಿತೋ ಆ ಕಡೆಯ ಗಾಲಿಯಡಿಗೆ ಹಲಗೆ. ಅವಳು ಹಲಗೆ ಇಟ್ಟು ಬರುವ ತನಕ ಲಿಂಗಪೂಜೆಗೆ ಕೂರಲಿಲ್ಲ.

ದೋಸೆ ತಿನ್ನುತ್ತ ಕೇಳಿದೆ, ನಿಜವಾಗಿ ಮಾರುತ್ತೀಯಾ ಎಂದು. ಅವಳು ದಪ್ಪ ಭಾಗವನ್ನು ಮುರಿದು ನನ್ನ ತಟ್ಟೆಗೆ ಹಾಕಿದಳು.

"ಮಾರ್ಲೇಬೇಕು ಅಕ್ಕ. ಇದು ಇಬ್ರು ಮಾಡೋ ಕೆಲ್ಸ. ನಾನು ಸ್ಟೇರಿಂಗ್ ಹಿಡ್ಯೋಳು, ಹೊರಗಿಂದೆಲ್ಲ ಅವ್ರೇ ನೋಡ್ಕಳೋರು. ಕಟ್ಟೋಕೆ ಬಿಚ್ಚೋಕೆ ಒಬ್ಳ ಕೈಲಿ ಆಗ್ಲಿಲ್ಲ ಅಂದ್ರೆ ಇದ್ರಲ್ಲಿ ಬಾಳೋದು ಹೆಂಗೆ? ನಿನ್ನೆ ನೋಡ್ದ್ಯಲ್ಲ."

ನೋಡಿದ್ದೆ. ಹಿಡಿಕೆ ಬಾರದಿದ್ದಾಗ ನನಗೆ ಒಳಗೊಳಗೇ ಸಮಾಧಾನ ಆಗಿತ್ತು, ಸುಳ್ಳು ಹೇಳುವುದಿಲ್ಲ. ಮಂಜ ಫೋನ್ ಮಾಡಿದಾಗ ಎಲ್ಲ ಸಲೀಸಾಗಿ ನಡೆಯುತ್ತಿದೆ ಎಂದೆ. ಆದರೆ ಫೋನಿಟ್ಟ ಮೇಲೆ ಕಿಟಕಿಯಿಂದ ನೋಡಿದರೆ ಲೀಲಾ ಮನೆಯ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನಾಳೆ ನಾಡಿದ್ದು ಬೇರೆಯವರದಾಗುವ ಗಾಡಿಯನ್ನು ಇವಳು ಏಕೆ ಇಷ್ಟು ತಿಕ್ಕುತ್ತಾಳೆ ಎಂದು ತಿಳಿಯದೆ ಪರದೆ ಎಳೆದೆ.

ಹೊರಡುವಾಗ ಕಟ್ಟುವುದನ್ನು ನಾನು ದೂರದಲ್ಲಿ ಬಾಯಿ ಹೊಲಿದುಕೊಂಡವಳ ಹಾಗೆ ನಿಂತು ನೋಡಿದೆ. ಟ್ರಕ್ಕು ಇನ್ನೂ ಒಂದು ಗೇಣು ದೂರ ಇರುವಾಗಲೇ ಲೀಲಾ ಇಳಿದು, ಸುರುಳಿ ಸುತ್ತಿದ ಒಂದು ಸಣ್ಣ ತಂತಿಯನ್ನು ಮನೆಯಿಂದ ಎಳೆದು ಟ್ರಕ್ಕಿಗೆ ಸಿಕ್ಕಿಸಿದಳು. ಆಮೇಲೆ ಮತ್ತೆ ಹತ್ತಿ ಹಿಂದಕ್ಕೆ ತಂದಳು. ದಾರಿಯಲ್ಲಿ ಅದೇನು ಎಂದು ಕೇಳಿದೆ. ಎಲ್ಲಾದರೂ ಗೂಟ ಕಳಚಿ ಮನೆ ಹಿಂದೆ ಹೋದರೆ ಆ ತಂತಿ ಜಗ್ಗಿ, ಮನೆಯ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದಂತೆ. ರುದ್ರೇಶ ಅದನ್ನು ಎಲ್ಲಕ್ಕಿಂತ ಕೊನೆಗೆ ಸಿಕ್ಕಿಸುತ್ತಿದ್ದ. ಇವಳು ಮೊದಲು ಸಿಕ್ಕಿಸಿದರೆ ಅಡ್ಡ ಬರುತ್ತದೆ ಎಂದು ಬೈಯುತ್ತಿದ್ದ. ಈಗ ಬೈಯುವವರಿಲ್ಲ, ಮರೆತುಬಿಟ್ಟೇನು ಎಂಬ ಭಯಕ್ಕೆ ಮೊದಲೇ ಸಿಕ್ಕಿಸುತ್ತೇನೆ ಎಂದಳು. ಕೊಟ್ಟಿಗೆ ಬಾಗಿಲು ತೆಗೆಯುವ ಮುಂಚೆ ಕರುವಿಗೆ ಹಗ್ಗ ಹಾಕುವುದಿಲ್ಲವೇ, ಹಾಗೆ.

ರೆವೆಲ್‌ಸ್ಟೋಕ್

ಇಲ್ಲಿ ಬೆಟ್ಟಗಳು ನಾಲ್ಕು ಕಡೆಯಿಂದಲೂ ಬಗ್ಗಿ ನೋಡುತ್ತವೆ. ಕೆಮ್ಮಣ್ಣುಗುಂಡಿಯನ್ನು ತಂದು ಇವುಗಳ ಪಕ್ಕ ನಿಲ್ಲಿಸಿದರೆ ಮಗುವಿನ ಹಾಗೆ ಕಾಣುತ್ತದೆ. ಹಾಗೆಂದು ನಾನು ಊರಿನಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿಯೂ ನಮಗೆ ಇಳಿಜಾರಿನ ಅಂಕಣವೇ ಸಿಕ್ಕಿತು. ಸಾಮನ್ ಆರ್ಮ್‌ಗಿಂತ ಕಡಿದು. ನಮ್ಮ ಹಿಂದೆ, ಇಳಿಕೆಯ ಕೊನೆಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಗುಡಾರ ಹಾಕಿಕೊಂಡಿದ್ದರು.

ಬೆಳಿಗ್ಗೆ ಹೊರಡಬೇಕು, ಸಂಜೆಯೊಳಗೆ ಗೋಲ್ಡನ್ ಸೇರಬೇಕು. ಲೀಲಾ ತಂತಿ ಸಿಕ್ಕಿಸಿದಳು, ಟ್ರಕ್ಕು ಹಿಂದಕ್ಕೆ ತಂದಳು. ಠಣ್ ಎಂದು ದೊಡ್ಡ ಸದ್ದಾಯಿತು. ಹಿಂದಿನ ಊರಿನಲ್ಲೂ ಕಚ್ಚಿಕೊಂಡಾಗ ಇಂಥದೇ ಸದ್ದು ಬಂದಿತ್ತು. ಅವಳು ಇಳಿದು ಗುಂಡಿ ಒತ್ತಿ ಮುಂಗಾಲುಗಳನ್ನು ನಾಲ್ಕು ಬೆರಳಿನಷ್ಟು ಎತ್ತಿದಳು, ಮತ್ತೆ ಟ್ರಕ್ಕು ಹತ್ತಿದಳು. ಇಂಜಿನ್ ಸದ್ದು ಏರಿತು.

ನಾನು ಸುಮ್ಮನೆ ನಿಂತಿದ್ದೆ. ಮಾತಾಡಬಾರದು. ಕೈ ಆಡಿಸಿದರೆ ಗೊಂದಲ. ಇಷ್ಟು ದೂರ ಬಂದು ತಂಗಿಯ ಒಂದು ಕೆಲಸಕ್ಕೂ ಒದಗಲಿಲ್ಲವಲ್ಲ ಎಂದು ಬೇಸರವಾಗುತ್ತಿತ್ತು. ಇಂಜಿನ್ ಸದ್ದು ಕೇಳಿದ್ದೇ ತಡ, ನನ್ನ ಕಾಲು ತಾನಾಗಿ ಗಾಲಿಯ ಕಡೆ ನಡೆಯಿತು. ಬಗ್ಗಿ, ಹಳದಿ ಕಲ್ಲುಗಳನ್ನು ಒಂದೊಂದಾಗಿ ಎಳೆದು, ಮಣ್ಣು ಕೊಡವಿ, ಪಕ್ಕದ ಹುಲ್ಲಿನ ಮೇಲೆ ಸಾಲಾಗಿ ಇಟ್ಟೆ. ಯಾರೂ ಎಡವದ ಹಾಗೆ. ಬಾಯಿ ಬಿಡದೆ ಒಂದು ಕೆಲಸ ಮಾಡಿದೆನಲ್ಲ ಎಂದು ಸೊಂಟ ನೆಟ್ಟಗೆ ಮಾಡಿ ನಿಂತೆ.

ಲೀಲಾ ಹೊರಡುತ್ತಿರಲಿಲ್ಲ. ಕಚ್ಚಿಕೊಂಡಿದೆಯೋ ಇಲ್ಲವೋ ಎಂದು ಒಂದಿಷ್ಟೇ ಮುಂದಕ್ಕೆ ಎಳೆದು ನೋಡುತ್ತಿದ್ದಳು. ಇಳಿಜಾರಿನಲ್ಲಿ ತಟ್ಟೆ ಓರೆಯಾಗಿ, ಗೂಟ ದವಡೆಯೊಳಗೆ ಹೋಗದೆ ಅದರ ಮೇಲೆ ಕೂತಿತ್ತು. ಠಣ್ ಎಂದದ್ದು ಅದು. ಕಲ್ಲು ಇದ್ದಿದ್ದರೆ ಟ್ರಕ್ಕು ಸರಿದು, ಮನೆಯ ಮೂತಿ ನಾಲ್ಕು ಬೆರಳು ಕುಸಿದು ಕಾಲಿನ ಮೇಲೆ ನಿಲ್ಲುತ್ತಿತ್ತು, ಅಷ್ಟೇ. ಟ್ರಕ್ಕು ಸರಿಯಿತು. ಮೂತಿ ಧಡ್ ಎಂದು ಕುಸಿಯಿತು. ಆಮೇಲೆ ಮನೆ, ಒಲೆ, ಪಾತ್ರೆ, ದೇವರು ಎಲ್ಲ ಸೇರಿ, ನನ್ನ ಮುಂದೆಯೇ ಮೆಲ್ಲಗೆ ಹಿಂದಕ್ಕೆ ಹೊರಟಿತು.

ನನಗೆ ಒಂದು ಕ್ಷಣ ನಾನೇ ಮುಂದಕ್ಕೆ ಹೋಗುತ್ತಿದ್ದೇನೆ ಎನಿಸಿತು, ರೈಲಿನಲ್ಲಿ ಪಕ್ಕದ ಗಾಡಿ ಹೊರಟಾಗ ಆಗುವ ಹಾಗೆ. ಆಮೇಲೆ ಗುಡಾರದ ಹುಡುಗಿ ಕೈಯಲ್ಲಿದ್ದ ಲೋಟ ಬಿಟ್ಟು ಎದ್ದದ್ದು ಕಂಡಿತು. ಮುಂಗಾಲುಗಳು ಜಲ್ಲಿಯನ್ನು ಉಳುತ್ತ ಹೋದವು. ಆ ಸುರುಳಿ ತಂತಿ ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ನೆಟ್ಟಗಾಗಿ ಪಟ್ ಎಂದಿತು. ಗಾಲಿಗಳು ಹಿಡಿದವು. ಇಡೀ ಮನೆ ಒಮ್ಮೆ ಬಿಕ್ಕಳಿಸಿದ ಹಾಗೆ ಕುಲುಕಿ ನಿಂತಿತು. ಒಳಗೆ ಡಬ್ಬಿಗಳು ಬೀಳುವ ಸದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಇಲ್ಲಿಯೂ ಸುತ್ತಲಿನ ಅಂಕಣಗಳಲ್ಲಿ ಕುರ್ಚಿ ಹಾಕಿ ಕೂತು ನೋಡುತ್ತಿದ್ದವರೆಲ್ಲ ಒಟ್ಟಿಗೆ ಎದ್ದು ಓಡಿ ಬಂದರು. ಆಗಲೂ ಯಾರೂ ಮಾತಾಡಲಿಲ್ಲ. ಒಬ್ಬ ಸೌದೆ ತುಂಡು ತಂದ, ಇನ್ನೊಬ್ಬ ತನ್ನದೇ ಕಲ್ಲು ತಂದ. ಗಾಲಿಗಳಿಗೆಲ್ಲ ಒತ್ತುಕೊಟ್ಟು, ಲೀಲಾಳ ಭುಜ ತಟ್ಟಿ, ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು. ಬೈಯಲಿಲ್ಲ, ಯಾರ ತಪ್ಪು ಎಂದು ಕೇಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಹುಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ.

ಲೀಲಾ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಸಾಲಾಗಿ ಜೋಡಿಸಿದ್ದ ಹಳದಿ ಕಲ್ಲುಗಳನ್ನು ನೋಡಿದಳು. ಅವಳಿಗೆ ಏನೂ ವಿವರಿಸಬೇಕಾಗಲಿಲ್ಲ.

"ಅಪ್ಪ ಇದ್ದಿದ್ರೆ ಭೇಷ್ ಅಂತಿದ್ರು ಕಣೇ," ಎಂದಳು. "ರಸ್ತೆ ಪಕ್ಕಕ್ಕೇ ಇಟ್ಟಿದೀಯ."

ನಾನು ಇನ್ನೂ ಜೋರಾಗಿ ಅತ್ತೆ. ಇನ್ನು ಸಾಕು, ಇದನ್ನು ಹೀಗೇ ಇಲ್ಲೇ ಬಿಟ್ಟು ನಡಿ ಊರಿಗೆ ಹೋಗೋಣ ಎಂದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನೆಟ್ಟಗಾಗಿದ್ದ ತಂತಿಯನ್ನೇ ನೋಡುತ್ತಿದ್ದಳು.

"ಅವ್ರು ಕೊನೇಗೆ ಹಾಕೋರು ಅಕ್ಕ," ಎಂದಳು. ಮತ್ತೆ ಹೇಳಿದಳು, "ನಾನು ಮೊದ್ಲು ಹಾಕಿದ್ದೆ."

ಎದ್ದು ಹೋಗಿ ಕೆಲಸಕ್ಕೆ ನಿಂತಳು. ಒಂದು ಮುಂಗಾಲಿನ ಪಾದ ಸೊಟ್ಟಗಾಗಿತ್ತು, ಆದರೂ ಏಳುತ್ತಿತ್ತು, ಇಳಿಯುತ್ತಿತ್ತು. ತಟ್ಟೆಯ ಓರೆಯನ್ನು ಬಗ್ಗಿ ನೋಡಿ, ಮನೆಯ ಮೂತಿಯನ್ನು ಒಂದಿಷ್ಟು ತಗ್ಗಿಸಿದಳು. ತಂತಿಯನ್ನು ಮತ್ತೆ ಮೊದಲು ಸಿಕ್ಕಿಸಿದಳು. ಹತ್ತಿದಳು, ತಂದಳು, ಇಳಿದಳು. ಟಾರ್ಚು ಹಿಡಿದು ದವಡೆಯೊಳಗೆ ಕಣ್ಣಿಟ್ಟು ನೋಡಿ, ಹತ್ತಿ, ಎಳೆದು ನೋಡಿದಳು. ಮನೆ ಜಗ್ಗಲಿಲ್ಲ. ಆಮೇಲೆ ತಾನೇ ಬಂದು ಒಂದೊಂದೇ ಕಲ್ಲು ತೆಗೆದಳು. ನಾನು ಎರಡು ಕೈಯನ್ನೂ ತೊಡೆಯಡಿ ಸಿಕ್ಕಿಸಿಕೊಂಡು ಕೂತೇ ಇದ್ದೆ. ಮೊದಲಿನಿಂದ ಕೊನೆಯವರೆಗೆ ಅವಳಿಗೆ ಇನ್ನೊಬ್ಬರು ಬೇಕಾಗಲಿಲ್ಲ. ಅದನ್ನು ನಾನು ನೋಡಿದೆ, ಅವಳು ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ಟ್ರಕ್ಕಿನ ಮೂತಿ ಗೋಲ್ಡನ್ ಕಡೆಗೇ ತಿರುಗಿತು.

ಗೋಲ್ಡನ್

ದಾರಿಯಲ್ಲಿ ದೊಡ್ಡ ಘಾಟಿ. ಅದನ್ನು ದಾಟುವಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ ಎಂದು ಲೀಲಾ ಹೇಳಿದಳು. ದೇಶ ಅದೇ, ರಸ್ತೆ ಅದೇ, ಊಟದ ಡಬ್ಬಿ ಇನ್ನೂ ಬಿಸಿಯಾಗಿದೆ, ಒಂದು ಗಂಟೆ ಎಲ್ಲಿಗೆ ಹೋಯಿತು? ಕಡೂರು ಬಿಟ್ಟು ಅಜ್ಜಂಪುರ ಮುಟ್ಟುವಷ್ಟರಲ್ಲಿ ಹೊತ್ತು ಬದಲಾದರೆ ನಮ್ಮ ಜನ ಸುಮ್ಮನಿರುತ್ತಾರೆಯೇ. ಬೇರೆ ದಿನವಾಗಿದ್ದರೆ ಇದರ ಮೇಲೆ ಬಹಳ ಮಾತಾಡುತ್ತಿದ್ದೆ. ಅವತ್ತು ಮನಸ್ಸೆಲ್ಲ ಬೇರೆ ಕಡೆ ಇತ್ತು. ಅವಳು ಮಾರಲಿ ಎಂದು ಬಂದವಳು ನಾನು. ಈಗ ಮಾರದಿರಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದೆ. ಗಿಳಿಹಸಿರು ರೂಮಿನಲ್ಲಿ ಕೂತ ಲೀಲಾಳನ್ನು ನೆನೆಸಿಕೊಳ್ಳಲು ನೋಡಿದೆ. ರೂಮು ಕಂಡಿತು, ಮಂಚ ಕಂಡಿತು, ಲೀಲಾ ಮಾತ್ರ ಕಾಣಲಿಲ್ಲ. ಅವಳಿಗೆ ಏನೆಂದು ಹೇಳಲಿ? ಬೆಳಿಗ್ಗೆ ಅವಳ ಮನೆಯನ್ನು ಉರುಳಿಸಿದವಳು ಮಧ್ಯಾಹ್ನ ಬುದ್ಧಿ ಹೇಳುವುದು ಹೇಗೆ?

ಕೊಳ್ಳುವವರು ವಯಸ್ಸಾದ ಗಂಡ ಹೆಂಡತಿ. ಅವರ ಮನೆಯ ಪಕ್ಕದ ಜಾಗವೂ ಇಳಿಜಾರೇ. ಆ ದೇಶದಲ್ಲಿ ಸಮನೆಲವನ್ನು ಯಾರಿಗಾಗಿ ಇಟ್ಟಿದ್ದಾರೋ ತಿಳಿಯದು. ಲೀಲಾ ತಂದು ನಿಲ್ಲಿಸಿದಳು. ಅವಳು ಇಳಿಯುವ ಮುಂಚೆ ನಾನೇ ಹೋಗಿ ಕಲ್ಲು ಕೊಟ್ಟೆ, ಕಾಲಿನಲ್ಲಿ ಒದ್ದು ಒದ್ದು ಬಿಗಿ ಮಾಡಿದೆ.

ಅವಳು ಮೊದಲು ಸೊಟ್ಟಗಾದ ಕಾಲನ್ನು ತೋರಿಸಿ ಆದದ್ದನ್ನು ಹೇಳಿದಳು. ಆ ಯಜಮಾನ ನನ್ನ ಕಡೆ ನೋಡಿ ನಕ್ಕು, ಪರವಾಗಿಲ್ಲ ಎನ್ನುವಂತೆ ಕೈ ಆಡಿಸಿದ. ಅವನಿಗೆ ಇಂಥ ಗಾಡಿ ಹೊಸದು. ಬಿಚ್ಚುವುದು ಹೇಗೆ ತೋರಿಸು ಎಂದು ಕೇಳಿದ. ಲೀಲಾ ತೋರಿಸಲು ಶುರು ಮಾಡಿದಳು. ಇಂಗ್ಲಿಷು ನನಗೆ ಅಲ್ಲಲ್ಲಿ ಮಾತ್ರ ತಿಳಿಯುತ್ತದೆ, ಆದರೆ ಅವಳ ಕೈ ನೋಡಿದರೆ ಸಾಕಿತ್ತು. ಮೊದಲು ಕಲ್ಲು. ಕಾಲು ಇಳಿಸುವಾಗ ಇಷ್ಟು, ಇಳಿಜಾರಿದ್ದರೆ ಇಷ್ಟು. ಹಿಡಿಕೆ ಬಾರದಿದ್ದರೆ ಸಿಟ್ಟು ಮಾಡಬೇಡ, ಗಾಡಿಯನ್ನು ಒಂದಿಷ್ಟು ಹಿಂದಕ್ಕೆ ಒತ್ತು. ಸದ್ದು ನಂಬಬೇಡ, ಕಣ್ಣಿಟ್ಟು ನೋಡು. ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಇದು ಹಾಕುವಾಗ ಮೊದಲು, ತೆಗೆಯುವಾಗ ಕೊನೆಗೆ ಎಂದು ಎರಡು ಮೂರು ಸಲ ಹೇಳಿದಳು. ಆ ಯಜಮಾನ ತಲೆಯಾಡಿಸುತ್ತಿದ್ದ. ಯಾರಿಂದ ಕಲಿತೆ ಎಂದು ಕೇಳಿದನೆಂದು ಕಾಣುತ್ತದೆ. ಲೀಲಾ ನಿಂತುಬಿಟ್ಟಳು. ಗಂಡನಿಂದ ಎನ್ನಲು ಬಾಯಿ ತೆರೆದವಳು ಮುಚ್ಚಿದಳು. ತಂತಿ ಇನ್ನೂ ಬೆರಳಿನಲ್ಲೇ ಇತ್ತು.

ಆಮೇಲೆ ಹಿಡಿಕೆಯ ಮೇಲೆ ಕೈಯಿಟ್ಟಳು. ಎಳೆಯಬೇಕು. ಎಳೆಯಲಿಲ್ಲ. ಆ ಗಂಡ ಹೆಂಡತಿ ಕಾದರು, ನಾನೂ ಕಾದೆ. ಬಾಯಿ ಬಿಡಬೇಕೆಂದು ನನಗೆ ತಡೆಯಲಾರದಷ್ಟು ಆಯಿತು, ಆದರೆ ಬಿಡಲಿಲ್ಲ. ಕುರ್ಚಿಯಲ್ಲಿ ಕೂತ ಜನ ಮಾಡುವ ಸಹಾಯ ಏನೆಂದು ನನಗೆ ತಿಳಿದದ್ದು ಆವಾಗ.

ಲೀಲಾ ಕೈ ತೆಗೆದು, ಪ್ಯಾಂಟಿಗೆ ಒರೆಸಿಕೊಂಡು, ಅವರಿಬ್ಬರ ಹತ್ತಿರ ಹೋಗಿ ಏನೋ ಹೇಳಿದಳು. ಸಾರಿ ಎಂದದ್ದು ನನಗೂ ತಿಳಿಯಿತು. ಯಜಮಾನ ಟೋಪಿ ತೆಗೆದು, ನೆತ್ತಿ ಕೆರೆದು, ಮತ್ತೆ ಹಾಕಿಕೊಂಡ. ಅವನಿಗೆ ನಿರಾಸೆಯಾಗಿತ್ತು, ಮುಚ್ಚಿಡಲಿಲ್ಲ. ಅವನ ಹೆಂಡತಿ ಮಾತ್ರ ಲೀಲಾಳ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು, ಕಾಫಿ ತರಲು ಒಳಗೆ ಹೋದಳು.

ಕಾಫಿ ಕುಡಿದಾದ ಮೇಲೆ ಲೀಲಾ ಮುಂಗಾಲುಗಳನ್ನು ಮೇಲೆತ್ತಿ, ಟ್ರಕ್ಕಿನ ಬಾಗಿಲು ಹಿಡಿದು ನಿಂತು, ತಿರುಗಿ ನೋಡದೆ ಹೇಳಿದಳು.

"ಅಕ್ಕ, ಕಲ್ಲು ತೆಗಿ."

ನಾನು ಗಾಲಿಯ ಪಕ್ಕದಿಂದ ಅಲ್ಲಾಡಲಿಲ್ಲ.

"ಮೊದ್ಲು ಎಳ್ದು ನೋಡು," ಎಂದೆ. "ಆಮೇಲೆ ತೆಗಿತೀನಿ."

ಅವಳು ಹತ್ತಿ ಎಳೆದಳು. ಟ್ರಕ್ಕು ಮುಂದಕ್ಕೆ ತುಯ್ದಿತು, ಮನೆ ನಿಂತಲ್ಲಿಂದ ಕದಲಲಿಲ್ಲ. ಇನ್ನೊಂದು ಸಲ ಎಂದು ಕೈ ತೋರಿಸಿದೆ, ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು. ಇನ್ನೊಂದು ಸಲ ಎಳೆದಳು. ಆಗ ಬಗ್ಗಿ ಕಲ್ಲುಗಳನ್ನು ಬಿಡಿಸಿ ರಸ್ತೆ ಪಕ್ಕಕ್ಕೆ ಇಡಲು ಹೊರಟೆ. ಎರಡು ಹೆಜ್ಜೆ ಹೋದ ಮೇಲೆ, ಇವು ಬಿಟ್ಟು ಹೋಗುವ ಕಲ್ಲಲ್ಲ, ಇನ್ನೂ ಬೇಕಾಗುತ್ತವೆ ಎಂದು ನೆನಪಾಯಿತು. ತಿರುಗಿ ಬಂದು ಅವನ್ನು ನನ್ನ ಕಾಲ ಬಳಿ ಇಟ್ಟುಕೊಂಡು ಟ್ರಕ್ಕು ಹತ್ತಿದೆ.

ಲೀಲಾ ಗೇರಿನ ಮೇಲೆ ಕೈಯಿಟ್ಟು, ಮಂಜನಿಗೆ ಏನು ಹೇಳುತ್ತೀಯ ಎಂದು ಕೇಳಿದಳು. ಅವಳ ಮುಖದಲ್ಲಿ ಹೆದರಿಕೆ ಇತ್ತು, ಲಾರಿಯ ಕ್ಯಾಬಿನ್ನಿನಲ್ಲಿ ಕೂತಿದ್ದ ಹುಡುಗಿಯ ಮುಖದಲ್ಲಿ ಇರುತ್ತಿದ್ದಂಥದೇ.

"ರೂಮಿಗೆ ಕೊಬ್ರಿ ತುಂಬ್ಕೊಳೋ ಅಂತೀನಿ," ಎಂದೆ. "ನೀನು ಕನ್ನಡಿ ನೋಡ್ಕೊಂಡು ಗಾಡಿ ಬಿಡು."